ಪೊಟ್ಟುಪಾರೆಯ ಏಳನೇ ಹೆಜ್ಜೆ

ಕೆಲಸಕ್ಕೆ ಸೇರಿದ ದಿನ ನಿಮಗೆ ಒಂದು ಸೀಟಿ ಕೊಡುತ್ತಾರೆ, ಸಾಮಾನಿನ ಕೋಣೆಯ ಬೀಗದ ಕೈ ಕೊಡುತ್ತಾರೆ, ಗಾಳಿ ಹೋದ ಎರಡು ವಾಲಿಬಾಲ್ ಕೊಡುತ್ತಾರೆ. ಲೆಕ್ಕದ ಮಾಷ್ಟ್ರು ರಜೆ ಹಾಕಿದ ದಿನ ಅವರ ಕ್ಲಾಸನ್ನೂ ಕೊಡುತ್ತಾರೆ. ಎಣಿಸುವುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಮಕ್ಕಳನ್ನು ಮೈದಾನಕ್ಕೆ ಬಿಡುವ ಮೊದಲು ಎಣಿಸಿ, ಓಡುವಾಗ ಎಣಿಸಿ, ಒಳಗೆ ಕಳಿಸುವಾಗ ಎಣಿಸಿ. ಕಡಿಮೆ ಬಂದರೆ ಏನು ಮಾಡಬೇಕೆಂದು ನಿಮಗೇ ತೋಚುತ್ತದೆ. ಹೆಚ್ಚು ಬಂದರೆ ಏನು ಮಾಡಬೇಕೆಂದು ತರಬೇತಿ ಕಾಲೇಜಿನಲ್ಲಿ ನನಗೆ ಕಲಿಸಿರಲಿಲ್ಲ.

ಕಾಸರಗೋಡು ಜಿಲ್ಲೆಯ ಒಂದು ಸಣ್ಣ ಪೇಟೆಯ ಸರಕಾರಿ ಹೈಸ್ಕೂಲಿನಲ್ಲಿ, ನಡುವಿನ ಎರಡು ವರ್ಗಾವಣೆ ಬಿಟ್ಟರೆ, ನನ್ನ ಸರ್ವಿಸೆಲ್ಲ ಕಳೆಯಿತು. ಬೆಳ್ಳೂರಿನ ಕಡೆಯಿಂದಲೂ ಎಣ್ಮಕಜೆಯ ಕಡೆಯಿಂದಲೂ ಮಕ್ಕಳು ಜೀಪಿಗೆ ಜೋತುಬಿದ್ದು ಬರುತ್ತಿದ್ದ ಶಾಲೆ. ಹೆಸರು ಬರೆಯುವುದಿಲ್ಲ, ಅಲ್ಲಿ ಈಗಲೂ ಮಕ್ಕಳು ಓಡುತ್ತಿದ್ದಾರೆ. ಗ್ರೇಡು, ಇಂಕ್ರಿಮೆಂಟಿನ ಕತೆಯೂ ಬೇಡ. ಆ ಮೈದಾನದ ಕತೆ ಹೇಳಿದರೆ ಸಾಕು.

ಅದಕ್ಕೆ ಮೊದಲು ಅಪ್ಪನ ವಿಷಯ. ನನ್ನ ಅಪ್ಪ ಸುರಂಗ ತೋಡುವವರು. ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ, ನಮ್ಮಲ್ಲಿ ಬಾವಿ ಕೆಳಗೆ ಮಾತ್ರ ಹೋಗುವುದಲ್ಲ, ಅಡ್ಡಕ್ಕೂ ಹೋಗುತ್ತದೆ. ಗುಡ್ಡದ ಬದಿಯಿಂದ ಮುರಕಲ್ಲಿನ, ಎಂದರೆ ಕೆಂಪು ಜಂಬಿಟ್ಟಿಗೆಯ, ಒಳಗೆ, ಒಬ್ಬ ಬಗ್ಗಿ ನಡೆಯುವಷ್ಟು ಅಗಲಕ್ಕೆ, ನೀರು ತಾಗುವವರೆಗೆ ಕಡಿಯುತ್ತ ಹೋಗುವುದು. ಜತೆಗೆ ಒಂದು ಮೊಂಬತ್ತಿ. ಅದು ಆರಿದರೆ ಒಳಗೆ ಉಸಿರಾಡುವ ಗಾಳಿ ಇಲ್ಲ, ತಿರುಗಿ ಬರಬೇಕು. ಚಿಕ್ಕವನಾಗಿದ್ದಾಗ ನಾನು ಗಂಜಿಯ ಪಾತ್ರೆ ಹಿಡಿದು ಸುರಂಗದ ಬಾಯಿಯಲ್ಲಿ ಕೂತು ಒಳಗಿನ ಪಿಕ್ಕಾಸಿನ ಶಬ್ದ ಕೇಳುತ್ತಿದ್ದೆ. ಶಬ್ದ ಇದ್ದಷ್ಟು ಹೊತ್ತು ಅಪ್ಪ ಇದ್ದಾರೆ ಎಂದು ಲೆಕ್ಕ. ಬೇರೆಯವರ ಅಪ್ಪಂದಿರು ಮಗ ನೆರಳಲ್ಲಿ ಕೂತು ಕೆಲಸ ಮಾಡಲಿ ಎಂದು ಹರಕೆ ಹೊರುತ್ತಾರೆ. ನನ್ನಪ್ಪ ಹೇಳುತ್ತಿದ್ದದ್ದು ಒಂದೇ, "ನೀನು ಬಿಸಿಲಲ್ಲಿ ದುಡೀಬೇಕು ಮಗಾ."

ಹಾಗೆ ನಾನು ಬಿಸಿಲಿನ ಕೆಲಸ ಕಲಿತೆ. ನಮ್ಮ ಕುಟುಂಬದಲ್ಲಿ ಡಿಗ್ರಿ ಸರ್ಟಿಫಿಕೇಟು ಕೈಯಲ್ಲಿ ಹಿಡಿದ ಮೊದಲನೆಯವ ನಾನು. ಅದನ್ನು ಮಡಚಬಾರದೆಂದು ಎರಡು ರಟ್ಟಿನ ನಡುವೆ ಇಟ್ಟುಕೊಂಡು ಬಸ್ಸಿನಲ್ಲಿ ನಿಂತೇ ಊರಿಗೆ ಬಂದಿದ್ದೆ. ಆದರೆ ಕೆಲಸಕ್ಕೆ ಸೇರುವಾಗ ತುಂಬಿಸಿದ ಫಾರಮಿನಲ್ಲಿ 'ತಂದೆಯ ಉದ್ಯೋಗ' ಎಂಬಲ್ಲಿ 'ಕೃಷಿ' ಎಂದು ಬರೆದೆ. ನಮಗೆ ಆಗ ಕೃಷಿಗೆ ಅಂಗೈ ಅಗಲ ಜಾಗ ಇರಲಿಲ್ಲ.

ಮೈದಾನ ಶಾಲೆಯ ಹಿಂದಿನ ಪಾರೆಯ ಮೇಲೆ, ಎಂದರೆ ಬಯಲಾದ ಮುರಕಲ್ಲಿನ ಮೇಲೆ, ಮಣ್ಣು ಹರಡಿ ಮಾಡಿದ್ದು. ಸುತ್ತು ಇನ್ನೂರು ಮೀಟರು. ನೈರುತ್ಯದ ತಿರುವಿನಲ್ಲಿ ಒಂದು ಕೇಪಳದ ಪೊದೆ. ಮೊದಲ ವಾರವೇ ನನಗೆ ಎರಡು ವಿಷಯ ಕಂಡವು. ನಾನು ಸುಣ್ಣದಲ್ಲಿ ಎಳೆದ ಗೆರೆ ಮೈದಾನವಿಡೀ ನಿಲ್ಲುತ್ತಿತ್ತು, ಆ ತಿರುವಿನ ಒಳಬದಿಯಲ್ಲಿ ಮಾತ್ರ ಬೆಳಿಗ್ಗೆಗೆ ಮಾಯ. ಇನ್ನೊಂದು, ಮಕ್ಕಳು ಅಲ್ಲಿಗೆ ಬಂದೊಡನೆ ಒಳಗಿನ ಲೇನು ಬಿಟ್ಟು ಅಗಲಕ್ಕೆ ಹೋಗುತ್ತಿದ್ದರು. ಒಬ್ಬರಲ್ಲ, ಎಲ್ಲರೂ. ಹರಿಯುವ ನೀರು ಕಲ್ಲನ್ನು ಸುತ್ತಿ ಹೋಗುವ ಹಾಗೆ.

ಶಾಲೆ ಗುಡಿಸುತ್ತಿದ್ದ ಲೀಲಕ್ಕನನ್ನು ಕೇಳಿದೆ.

"ಅಲ್ಲಿ ಪೊಟ್ಟ ಓಡುದು ಮಾಷ್ಟ್ರೇ."

"ಯಾವ ಪೊಟ್ಟ?"

"ಮೂಕ. ಮಾತು ಬಾರದವ. ಜಾಗದ ಹೆಸರೇ ಹಾಗಲ್ವಾ? ಮಕ್ಕಳ ಹಿಂದೆ ಓಡ್ತಾನೆ. ಹಿಂದೆ ಇರುವಷ್ಟು ದಿವಸ ತೊಂದರೆ ಇಲ್ಲ. ಅವ ಫಸ್ಟ್ ಬಂದ ದಿವಸ ಒಬ್ಬರನ್ನು ಕರಕೊಂಡು ಹೋಗ್ತಾನೆ."

"ನೀವು ನೋಡಿದ್ದೀರಾ?"

"ನಾನೆಂತಕ್ಕೆ ನೋಡ್ಲಿ? ನಾನು ಗುಡಿಸ್ಲಿಕ್ಕೆ ಬಂದದ್ದು, ಓಡ್ಲಿಕ್ಕಲ್ಲ."

ಶಾಲೆಯ ದಾಖಲೆ ತೆಗೆದು ನೋಡಿದೆ. ಮಲಯಾಳದಲ್ಲಿ 'ಪೊಟ್ಟನ್ ಪಾರ' ಎಂದೇ ಇತ್ತು. ಮೂಕನ ಪಾರೆ. ಸರಿ, ಹೆಸರಿದ್ದರೆ ಅದಕ್ಕೊಂದು ಕತೆ ಕಟ್ಟಿದ್ದಾರೆ ಎಂದುಕೊಂಡೆ. ಡಿಗ್ರಿಯವನಿಗೆ ಅಷ್ಟು ಬುದ್ಧಿ ಇಲ್ಲದಿದ್ದರೆ ಹೇಗೆ?

ಅಂದಿನಿಂದ ಒಳಗಿನ ಲೇನು ಬಿಟ್ಟು ಓಡಿದವರಿಗೆ ಹತ್ತು ಬಸ್ಕಿ ಎಂದು ನಿಯಮ ಮಾಡಿದೆ. ನನ್ನ ಸರ್ವಿಸಿನ ದೊಡ್ಡ ತಪ್ಪು ಯಾವುದೆಂದು ಯಾರಾದರೂ ಕೇಳಿದರೆ, ಇದು.

ಆಗ ಮಕ್ಕಳು ಬರಿಗಾಲಲ್ಲಿ ಓಡುತ್ತಿದ್ದರು. ಗಡಿಯಾರ ನೋಡುತ್ತ ಗೆರೆಯಲ್ಲಿ ನಿಂತವನಿಗೆ ಮಕ್ಕಳನ್ನು ನೋಡಲಿಕ್ಕಾಗುವುದಿಲ್ಲ, ಕಿವಿಯಲ್ಲೇ ಎಣಿಸಬೇಕು. ಕ್ರಮೇಣ ಯಾರ ಕಾಲು ಯಾವುದು ಎಂದು ತಿರುಗದೆ ಹೇಳುವಷ್ಟಾಯಿತು. ಮೊದಲ ವರ್ಷದ ಸ್ಪೋರ್ಟ್ಸ್ ಡೇಗೆ ಎಂಟುನೂರು ಮೀಟರಿನ ಹೀಟಿನಲ್ಲಿ ಆರು ಮಂದಿ ಓಡಿದರು. ನಾನು ಹಾಳೆಯಲ್ಲಿ ಏಳು ಎಂದು ಬರೆದೆ. ಆಫೀಸಿನ ಕ್ಲಾರ್ಕು ಅದನ್ನು ಸ್ಟಾಫ್ ರೂಮಿಗೆ ತಂದು ಎಲ್ಲರೆದುರು ಎತ್ತಿ ಹಿಡಿದರು.

"ಏಳನೆಯವನ ಹೆಸರೆಂತ ಮಾಷ್ಟ್ರೇ? ಸರ್ಟಿಫಿಕೇಟು ಬರೀಬೇಕಲ್ಲ. ತಂದೆಯ ಹೆಸರೂ ಹೇಳಿಬಿಡಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಏಳು ಕೇಳಿಸಿದ್ದು ನಿಜ. ಆ ತಿರುವು ದಾಟುವಷ್ಟು ಹೊತ್ತು, ಕೊನೆಯವನ ಹಿಂದೆ, ಒಂದು ಹೆಚ್ಚಿನ ಹೆಜ್ಜೆ. ನಿಧಾನ, ಒಂದೇ ಸಮ, ದಣಿವಿಲ್ಲದ ಹೆಜ್ಜೆ. ಎಲ್ಲೋ ಕೇಳಿದ ಶಬ್ದ ಎನ್ನಿಸುತ್ತಿತ್ತು. ಎಲ್ಲಿ ಎಂದು ನೆನಪಾಗುತ್ತಿರಲಿಲ್ಲ.

ವರ್ಷಗಳು ಹೋದವು. ಕೆಲಸದ ರೀತಿ ಬದಲಾಯಿತು. ಮರದ ಹಲಗೆ ಬಡಿದು ಓಟ ಬಿಡುತ್ತಿದ್ದವರಿಗೆ ಪಿಸ್ತೂಲು ಬಂತು. ಕೀ ಕೊಡುವ ಸ್ಟಾಪ್ ವಾಚು ಹೋಗಿ ಮೊಬೈಲು ಬಂತು. ಮಕ್ಕಳಿಗೆ ಶೂ ಬಂತು. ಗಲ್ಫಿನಿಂದ ಮಾವಂದಿರು ಕಳಿಸಿದ, ಮಿಂಚುವ ಪಟ್ಟಿಯ ಶೂಗಳು. ಶೂ ಬಂದ ಮೇಲೆ ಎಲ್ಲರ ಕಾಲೂ ಒಂದೇ ಶಬ್ದ, ಯಾರು ಯಾರೆಂದು ಗೊತ್ತಾಗುತ್ತಿರಲಿಲ್ಲ. ಒಂದನ್ನು ಬಿಟ್ಟು. ಆ ತಿರುವಿನಲ್ಲಿ ಏಳನೆಯದು ಮಾತ್ರ ಹಳೆಯ ಹಾಗೆಯೇ ಇತ್ತು, ಶೂ ಇಲ್ಲದ ಶಬ್ದ. ನಾನು ಯಾರಲ್ಲಿಯೂ ಹೇಳಲಿಲ್ಲ. ಹೇಳಿದರೆ ಡಿಗ್ರಿ ವಾಪಸು ತೆಗೆದುಕೊಳ್ಳುತ್ತಾರೋ ಎಂಬ ಹಾಗೆ ಬಾಯಿ ಮುಚ್ಚಿಕೊಂಡಿದ್ದೆ. ಅದಕ್ಕಿಂತ ಹೆಚ್ಚು ಮುಚ್ಚಿಟ್ಟದ್ದು ಇನ್ನೊಂದು. ಅದು ಈಗ ಕೊನೆಯಲ್ಲಿ ಬರುತ್ತಿರಲಿಲ್ಲ. ವರ್ಷಕ್ಕೆ ಸ್ವಲ್ಪ ಸ್ವಲ್ಪ ಗಟ್ಟಿಯಾಗುತ್ತ ಗುಂಪಿನ ನಡುವಿಗೆ ಬಂದಿತ್ತು.

ಆ ಕಾಲಕ್ಕೆ ಬಂದವಳು ಸಫೀನಾ. ಬ್ಯಾರಿಗಳ ಹುಡುಗಿ, ಅವಳ ತಂದೆಗೆ ಉಪ್ಪಳದಲ್ಲಿ ಪಾತ್ರೆ ಅಂಗಡಿ, ಅವಳು ನಮ್ಮ ಪೇಟೆಯ ಅಜ್ಜಿಮನೆಯಲ್ಲಿದ್ದು ಓದುತ್ತಿದ್ದಳು. ಸಾವಿರದ ಐನೂರು ಮೀಟರಿಗೆ ಅಂಥವಳು ನನ್ನ ಕೈಗೆ ಮತ್ತೆ ಸಿಗಲಿಲ್ಲ. ಉಪಜಿಲ್ಲಾ ಕ್ರೀಡಾಕೂಟದಲ್ಲಿ ಮೊದಲ ಇಬ್ಬರು ಜಿಲ್ಲೆಗೆ ಹೋಗುತ್ತಾರೆ. ಜಿಲ್ಲೆಯಲ್ಲಿ ಆಯ್ಕೆಗಾರರ ಕಣ್ಣಿಗೆ ಬಿದ್ದರೆ ಸ್ಪೋರ್ಟ್ಸ್ ಹಾಸ್ಟೆಲು. ಅವಳ ಉಮ್ಮ ಖಡಾಖಂಡಿತ ಹೇಳಿದ್ದರು, "ಜಿಲ್ಲೆಗೆ ಹೋದ್ರೆ ಓಡು. ಇಲ್ಲದಿದ್ರೆ ಶೂ ತಂಗಿಗೆ ಕೊಡು." ಅವಳಿಗೆ ಅದು ಕೊನೆಯ ವರ್ಷ, ಹತ್ತನೇ ತರಗತಿ. ಕೂಟ ನಡೆಯುವುದು ನಮ್ಮ ಮೈದಾನದಲ್ಲೇ ಎಂದೂ ನಿಶ್ಚಯವಾಯಿತು.

ಅವಳ ಒಂದೇ ದೋಷ ಆ ತಿರುವು. ಪ್ರತಿ ಸುತ್ತಿಗೂ ಅಗಲಕ್ಕೆ ಹೋಗಿ ಸಮಯ ಕಳೆಯುತ್ತಿದ್ದಳು.

"ಎಷ್ಟು ಸಲ ಹೇಳುದು ಸಫೀನಾ? ಒಳಗಿಂದ ಓಡು."

"ಅಲ್ಲಿ ತಣ್ಣಗೆ ಉಂಟು ಸರ್."

"ಹನ್ನೆರಡು ಗಂಟೆ ಬಿಸಿಲಿಗೆ ಎಂತ ತಣ್ಣಗೆ?"

ಅವಳು ಶೂ ಕಳಚಿ ನನ್ನ ಮುಖ ನೋಡಿದಳು. "ಕಾಲಿಟ್ಟು ನೋಡಿ."

ನಾನು ಇಡಲಿಲ್ಲ. "ಬಸ್ಕಿ ತೆಗಿ" ಎಂದೆ. ಹತ್ತು ಬಸ್ಕಿ ತೆಗೆದು ಏದುಸಿರು ಬಿಡುತ್ತ ಅವಳು ಹೇಳಿದ ಮಾತು ಈಗಲೂ ಕಿವಿಯಲ್ಲಿದೆ. "ಸರ್, ಹೋದ ವರ್ಷ ಅದು ನನ್ನ ಹಿಂದೆ ಇತ್ತು. ಈಗ ನನ್ನ ಹತ್ತಿರವೇ ಕಾಲು ಬೀಳ್ತದೆ. ನಿಮಗೂ ಕೇಳ್ತದೆ. ಎಣಿಸುವಾಗ ನಿಮ್ಮ ಬಾಯಿ ಏಳರವರೆಗೆ ಹೋಗುದು ನಾನು ನೋಡಿದ್ದೇನೆ."

ಕೂಟದ ಹಿಂದಿನ ದಿನ ಸಂಜೆ ಅಪ್ಪ ಶಾಲೆಗೆ ಬಂದರು. ಅಷ್ಟು ವರ್ಷದಲ್ಲಿ ಅದೇ ಮೊದಲು. ನಾನು ಮನೆಯಲ್ಲಿ ಮರೆತ ಕನ್ನಡಕ ಕೊಡುವ ನೆಪ, ಒಳಗೆ ಮಗ ಕೆಲಸ ಮಾಡುವ ಜಾಗ ನೋಡುವ ಆಸೆ. ಎಂಬತ್ತರ ಹತ್ತಿರದ ಮನುಷ್ಯ, ಕೈಯಲ್ಲಿ ಕೋಲು, ಕಾಲಲ್ಲಿ ಏನೂ ಇಲ್ಲ. ನಾನು ಗೆರೆ ಎಳೆಯುತ್ತಿದ್ದೆ. ಅವರು ಮೈದಾನವನ್ನು ಒಂದು ಸುತ್ತು ನಡೆದು, ಕೇಪಳದ ಪೊದೆಯ ಹತ್ತಿರ ಗಕ್ಕನೆ ನಿಂತರು. ಕೋಲಿನಿಂದ ನೆಲಕ್ಕೆ ಮೂರು ಸಲ ಕುಟ್ಟಿ ಕಿವಿಗೊಟ್ಟರು.

"ಈ ಜಾಗಕ್ಕೆ ಎಂತ ಹೇಳ್ತಾರೆ?" ಮನೆಯಲ್ಲಿ ನಾವು ತುಳು ಮಾತಾಡುವುದು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಪೊಟ್ಟನ ಪಾರೆ."

"ಯಾರು ಹೇಳಿದ್ದು?"

"ಆಫೀಸಿನಲ್ಲಿ ಹಾಗೇ ಬರೆದದ್ದು ಉಂಟು."

"ಬರೆದವನಿಗೆ ಕಿವಿ ಇರಲಿಲ್ಲ. ಪೊಟ್ಟ ಅಲ್ಲ ಮಗಾ, ಪೊಟ್ಟು. ಪೊಟ್ಟುಪಾರೆ."

ಒಳಗೆ ತಿರುಳಿಲ್ಲದ ತೆಂಗಿನಕಾಯಿಗೆ, ಕಾಳಿಲ್ಲದ ಭತ್ತಕ್ಕೆ ನಾವು ಹೇಳುವ ಮಾತು ಪೊಟ್ಟು. ಟೊಳ್ಳು. ಹಿರಿಯರು ಎಚ್ಚರಿಕೆಗೆಂದು ಇಟ್ಟ ಹೆಸರನ್ನು ಮಲಯಾಳದಲ್ಲಿ ಬರೆದವರು ಮೂಕನನ್ನಾಗಿ ಮಾಡಿದ್ದರು. ಮೂಕನಿಗೆ ಊರು ಕತೆ ಕಟ್ಟಿತ್ತು. ಮೂರೂ ಭಾಷೆ ಬರುವ ನಾನು ಅದನ್ನು ಓದಿ ತಲೆಯಾಡಿಸಿದ್ದೆ.

"ಅಡಿಯಲ್ಲಿ ಸುರಂಗ ಉಂಟು" ಎಂದರು ಅಪ್ಪ. "ಅದರ ಮೇಲಿನ ಮಾಡು ಒಂದು ಮೊಳ ದಪ್ಪ ಕೂಡ ಇಲ್ಲ. ಮಕ್ಕಳನ್ನು ಬಿಡಬೇಡ."

ಹೆಡ್ ಮಿಸ್ಟ್ರೆಸ್ಸರ ಕೋಣೆಗೆ ಹೋಗಿ, ತಿರುವಿನ ಅಡಿಯಲ್ಲಿ ಸುರಂಗ ಉಂಟಂತೆ ಎಂದೆ. ತೆಂಕು ಜಿಲ್ಲೆಯಿಂದ ಬಂದ ಟೀಚರು, ಕನ್ನಡ ಅರ್ಧ ಬರುತ್ತಿತ್ತು, ಕೆಟ್ಟವರಲ್ಲ. ಮರುದಿನಕ್ಕೆ ಇಪ್ಪತ್ತು ಶಾಲೆ ಬರುವುದಿತ್ತು.

"ಮಾಷೇ, ನಾಳೆಗೆ ಈಗ ಹೇಳುದಾ? ಯಾರು ನೋಡಿದ್ದು? ಎಂಜಿನಿಯರಾ? ಒಂದು ಕಾಗದದಲ್ಲಿ ಬರೆದು ಕೊಡಿ. ಯಾರು ಹೇಳಿದ್ದು ಅಂತ ಹೆಸರು, ಉದ್ಯೋಗ ಬೇಕು. ನಾನು ಮೇಲಕ್ಕೆ ಹೇಳ್ತೇನೆ."

ಕಾಗದ ಕೊಟ್ಟರು. ಪೆನ್ನು ಕೊಟ್ಟರು. ಹೊರಗೆ ವರಾಂಡದಲ್ಲಿ ಅಪ್ಪ ಕೋಲು ಹಿಡಿದು ನಿಂತದ್ದು ಕಿಟಕಿಯಲ್ಲಿ ಕಾಣುತ್ತಿತ್ತು. ಸರ್ವಿಸ್ ಪುಸ್ತಕದಲ್ಲಿ ಅವರು ಕೃಷಿಕರು. "ನಾನೇ ಇನ್ನೊಮ್ಮೆ ನೋಡ್ತೇನೆ ಟೀಚರ್" ಎಂದು ಕಾಗದವನ್ನು ಖಾಲಿಯಾಗಿ ಮೇಜಿನ ಮೇಲಿಟ್ಟು ಬಂದೆ. ಅಪ್ಪನಿಗೆ "ಹೇಳಿದ್ದೇನೆ" ಎಂದೆ. ಮರುದಿನ ನಸುಕಿಗೆ ಹೋಗಿ ಕೇಪಳದ ತಿರುವಿನ ಗೆರೆಯನ್ನು ಎರಡಡಿ ಹೊರಗೆ ಸರಿಸಿ ಎಳೆದೆ. ಎಂಟು ಗಂಟೆಗೆ ಬಂದ ಕೂಟದ ಅಧಿಕಾರಿಗಳು ಟೇಪು ಹಿಡಿದು ಅಳೆದು, ಅಳತೆ ತಪ್ಪಿದೆ ಎಂದು ಗೆರೆಯನ್ನು ಮೊದಲಿನ ಜಾಗಕ್ಕೇ ತಂದರು. ನಾನು ನೋಡುತ್ತ ನಿಂತೆ.

ಹತ್ತೂವರೆಗೆ ಹುಡುಗಿಯರ ಸಾವಿರದ ಐನೂರು. ಆರು ಶಾಲೆಯ ಆರು ಹುಡುಗಿಯರು. ಆ ತಿರುವನ್ನು ಎಂಟು ಸಲ ದಾಟಬೇಕು. ಹೊರಡುವ ಮೊದಲು ಸಫೀನಾ ನನ್ನ ಹತ್ತಿರ ಬಂದಳು.

"ಒಳಗಿಂದ ಓಡ್ಬೇಕಾ ಸರ್?"

"ನಿನಗೆ ಬೇಕಾದ ಹಾಗೆ ಓಡು" ಎಂದೆ. ಅಷ್ಟು ಮಾತ್ರ ನನ್ನಿಂದಾಯಿತು.

ಮೊದಲ ಸುತ್ತು. ಆಕಾಶದಲ್ಲಿ ಒಂದು ಮೋಡವಿಲ್ಲ, ಪಾರೆ ಕಾದು ಹಬೆಯಾಡುತ್ತಿತ್ತು. ಜನರ ಕೂಗಿನ ನಡುವೆಯೂ ಕಿವಿ ತಾನಾಗಿ ಎಣಿಸಿತು. ಏಳು. ಏಳನೆಯದು ಕೊನೆಯಲ್ಲಿ. ಎರಡನೆಯ ಸಲವೂ ಕೊನೆಯಲ್ಲಿ. ಮೂರನೆಯ ಸಲ ಕೊನೆಯವಳಿಗಿಂತ ಮುಂದೆ. ಐದನೆಯ ಸಲಕ್ಕೆ ಗುಂಪಿನ ನಡುವೆ. ವರ್ಷಗಟ್ಟಲೆ ತೆಗೆದುಕೊಂಡ ದಾರಿಯನ್ನು ಆ ದಿನ ನಿಮಿಷಗಳಲ್ಲಿ ಮುಗಿಸುತ್ತಿತ್ತು. ಸಫೀನಾ ಪ್ರತಿ ಸಲ ಅಗಲಕ್ಕೆ ಹೋಗಿ, ಪ್ರತಿ ಸಲ ಕಳೆದುಕೊಂಡು, ನೇರದಲ್ಲಿ ಹಿಡಿದು, ಎರಡನೆಯವಳಾಗಿದ್ದಳು. ಏಳನೆಯ ಸಲ ಆ ಹೆಜ್ಜೆ ಎಲ್ಲರಿಗಿಂತ ಮುಂದಿದ್ದ ಹುಡುಗಿಯ ಕಾಲಿನ ಜತೆಗೇ ಬಿತ್ತು. ಒಂದರ ಮೇಲೊಂದು, ಸರಿಯಾಗಿ.

ಉಳಿದದ್ದು ಒಂದು ಸಲ. ನಾನು ಕೈಯ ಮೊಬೈಲು ಬಿಸಾಡಿ ಮೈದಾನದ ನಡುವಿನಿಂದ ಓಡಿದೆ. ಐವತ್ತು ದಾಟಿದ ಹೊಟ್ಟೆಯ ಡ್ರಿಲ್ ಮಾಷ್ಟ್ರು ಓಡುವುದು ಕಂಡು ಮಕ್ಕಳು ಸೀಟಿ ಹೊಡೆದರು. ಮೈಕಿನಲ್ಲಿ ಯಾರೋ "ಟ್ರ್ಯಾಕಿನಿಂದ ಹೊರಗೆ, ಮಾಷೇ, ಹೊರಗೆ!" ಎಂದು ಕಿರುಚುತ್ತಿದ್ದರು. ನಾನು ತಿರುವಿನ ಒಳಲೇನಿನ ನಡುವೆ ಕೈ ಅಗಲಿಸಿ ನಿಂತೆ. ನನ್ನನ್ನು ಸುತ್ತಿಯೇ ಹೋಗಬೇಕು, ಹಾಗೆ.

ಶೂವಿನ ಅಡಿಯಿಂದ ಚಳಿ ಏರಿತು. ಹುಡುಗಿಯರು ಇನ್ನೂ ಆಚೆಯ ನೇರದಲ್ಲಿದ್ದರು. ಯಾರ ಕಾಲೂ ಹತ್ತಿರವಿಲ್ಲ. ಆದರೂ ಶಬ್ದ ಬರುತ್ತಿತ್ತು, ನನ್ನ ಪಾದದ ನೇರ ಕೆಳಗಿನಿಂದ. ಟಕ್. ಟಕ್. ಟಕ್. ಆಗ ನೆನಪಾಯಿತು, ಈ ಶಬ್ದವನ್ನು ಎಲ್ಲಿ ಕೇಳಿದ್ದು ಎಂದು. ಗಂಜಿಯ ಪಾತ್ರೆ ಮಡಿಲಲ್ಲಿಟ್ಟುಕೊಂಡು. ಅದು ಹೆಜ್ಜೆಯಾಗಿರಲಿಲ್ಲ. ಯಾವತ್ತೂ ಆಗಿರಲಿಲ್ಲ. ಅದು ಪಿಕ್ಕಾಸು.

ಹುಡುಗಿಯರು ಬಂದರು. ಎದುರು ನಿಂತ ನನ್ನನ್ನು ಕಂಡು ಮುಂದಿದ್ದವಳು ತಡವರಿಸಿ ಹೊರಗೆ ಸರಿದಳು, ಇನ್ನಿಬ್ಬರ ಓಟ ಮುರಿಯಿತು. ಮೊದಲೇ ಹೊರಗಿದ್ದ ಸಫೀನಾ ನನ್ನ ಮುಖ ನೋಡುತ್ತಲೇ ದಾಟಿ ಹೋಗಿ ಮೊದಲಿಗಳಾದಳು. ಆರು. ಆರೇ ದಾಟಿದರು. ನಾನೂ ಅಲ್ಲಿಂದ ಕಾಲು ಕಿತ್ತೆ.

ಗಲಾಟೆಯಾಯಿತು. ಸ್ವಂತ ಹುಡುಗಿಯನ್ನು ಗೆಲ್ಲಿಸಲಿಕ್ಕೆ ಮಾಷ್ಟ್ರು ಅಡ್ಡ ನಿಂತರು ಎಂದು ಐದು ಶಾಲೆಯವರೂ ದೂರು ಕೊಟ್ಟರು. ಅವರ ತಪ್ಪಿಲ್ಲ, ನಾನಾದರೂ ಹಾಗೇ ಹೇಳುತ್ತಿದ್ದೆ. ಫಲಿತಾಂಶ ರದ್ದಾಯಿತು, ಊಟದ ನಂತರ ಮರು ಓಟ ಎಂದರು. ಹೆಡ್ ಮಿಸ್ಟ್ರೆಸ್ಸು ಎಲ್ಲರೆದುರು ಕೇಳಿದರು, "ನಿಮಗೆ ಹುಚ್ಚಾ ಮಾಷೇ? ಅಡಿಯಲ್ಲಿ ಗುಹೆ ಉಂಟು ಅಂತ ಯಾರು ಹೇಳಿದ್ದು ನಿಮಗೆ?"

"ನನ್ನ ಅಪ್ಪ" ಎಂದೆ. "ಸುರಂಗ ತೋಡುವವರು. ನಲವತ್ತು ವರ್ಷ ತೋಡಿದ್ದಾರೆ. ಬರೆದು ಕೊಡ್ತೇನೆ, ಕಾಗದ ಕೊಡಿ."

ಬರೆಯುತ್ತಿದ್ದಾಗಲೇ, ಮಕ್ಕಳು ಶಾಲೆಯ ಆಚೆ ಬದಿಯಲ್ಲಿ ಊಟಕ್ಕೆ ಕೂತಿದ್ದಾಗ, ಒಂದು ದೊಡ್ಡ ಉಸಿರು ಬಿಟ್ಟ ಹಾಗೆ ಶಬ್ದವಾಯಿತು. ಹೋಗಿ ನೋಡಿದರೆ ಕೇಪಳದ ಪೊದೆ ಇರಲಿಲ್ಲ. ಒಳಲೇನಿನಲ್ಲಿ ಜೀಪು ಇಳಿಯುವಷ್ಟು ದೊಡ್ಡ ಕುಳಿ. ಸುಣ್ಣದ ಗೆರೆ ಅದರ ಅಂಚಿಗೆ ಬಂದು ನಿಂತು, ಆಚೆಯಿಂದ ಮತ್ತೆ ಹೊರಟಿತ್ತು.

ಲೀಲಕ್ಕ ಎದೆಗೆ ಕೈಯಿಟ್ಟು "ಯಾರನ್ನೂ ಕರಕೊಂಡು ಹೋಗ್ಲಿಲ್ಲ ಅಲ್ವಾ?" ಎಂದರು. ನಾನು ಮಕ್ಕಳನ್ನು ಎಣಿಸಿದೆ. ಎರಡು ಸಲ. ಸರಿ ಇತ್ತು.

ಮಧ್ಯಾಹ್ನದ ನಂತರ ಅಪ್ಪನನ್ನು ಕರೆಸಿದರು, ಹೆಡ್ ಮಿಸ್ಟ್ರೆಸ್ಸೇ ಜೀಪು ಕಳಿಸಿ. ಅಪ್ಪ ಅಂಚಿನಲ್ಲಿ ಬೋರಲು ಮಲಗಿ ಒಳಗೆ ಟಾರ್ಚು ಬಿಟ್ಟು ನೋಡಿದರು. ಸುರಂಗ ಒಂದು ಬದಿಗೆ ಸ್ವಲ್ಪ ದೂರ ಹೋಗಿ ಮಣ್ಣು ಕುಸಿದು ಮುಚ್ಚಿತ್ತು, ಇನ್ನೊಂದು ಬದಿ ಬರೀ ಬಂಡೆ. ಬಾಯಿ ಎಲ್ಲಿತ್ತೆಂದು ಕೊನೆಗೂ ಯಾರಿಗೂ ಸಿಗಲಿಲ್ಲ. ಬಿದ್ದ ಮಾಡಿನ, ಎಂದರೆ ಸುರಂಗದ ಛಾವಣಿಯ, ಒಂದು ಚೂರನ್ನು ಹಗ್ಗ ಕಟ್ಟಿ ಮೇಲಕ್ಕೆ ತೆಗೆಸಿ, ಅದರ ಅಡಿಬದಿಯನ್ನು ಅಪ್ಪ ಹೆಬ್ಬೆರಳಿನಿಂದ ಉಜ್ಜಿದರು. ಮತ್ತೆ ಬೇರೆಯವರು ದೂರ ಹೋಗುವವರೆಗೆ ಕಾದರು.

ಮುರಕಲ್ಲು ನೆಲದೊಳಗಿರುವಾಗ ಮೆತ್ತಗೆ, ಅರಿಶಿನ ಬೆರೆಸಿದ ಕೆಂಪು. ಕಡಿದು ಗಾಳಿ ತಾಗಿದ ಮೇಲೆ ಗಟ್ಟಿಯಾಗುತ್ತದೆ, ವರ್ಷ ಹೋದ ಹಾಗೆ ಕಪ್ಪಾಗುತ್ತದೆ. ಗೋಡೆಯ ಬಣ್ಣ ನೋಡಿ ಸುರಂಗದ ವಯಸ್ಸು ಹೇಳುವುದು ಅಪ್ಪನಿಗೆ ಬಾಯಿಪಾಠ.

"ಗೋಡೆ ನನ್ನ ಅಜ್ಜನ ಕಾಲದ್ದು. ಕರ್ರಗೆ ಆಗಿದೆ" ಎಂದರು. "ಈ ಮಾಡನ್ನು ನೋಡು."

ನೋಡಿದೆ. ಪಿಕ್ಕಾಸಿನ ಗುರುತುಗಳು, ಒತ್ತೊತ್ತಾಗಿ. ಅರಿಶಿನ ಬೆರೆಸಿದ ಕೆಂಪು.

"ಇದು ಹೋದ ವಾರದ್ದು. ನೀರಿಗೆ ತೋಡುವವ ಮುಂದಕ್ಕೆ ಕಡೀತಾನೆ ಮಗಾ. ಮೇಲಕ್ಕೆ ಕಡಿಯುದಿಲ್ಲ. ಹೊರಗೆ ಬರ್ಲಿಕ್ಕೆ ದಾರಿ ಇಲ್ಲದವ ಮಾತ್ರ ಮೇಲಕ್ಕೆ ಕಡಿಯುದು."

ಅಲ್ಲಿ ಎಲುಬು ಸಿಗಲಿಲ್ಲ, ಪಿಕ್ಕಾಸೂ ಸಿಗಲಿಲ್ಲ. ಕುಳಿ ತುಂಬಿಸಿದರು. ತುಂಬಿಸುವ ಮೊದಲು ಅಪ್ಪ ಒಂದು ಮೊಂಬತ್ತಿ ಹಚ್ಚಿ, ಹಗ್ಗದಲ್ಲಿ ಕೆಳಗಿಳಿಸಿ, ಅದು ತಾನಾಗಿ ಮುಗಿಯುವವರೆಗೆ ಅಂಚಿನಲ್ಲಿ ಕೂತಿದ್ದರು. ನಾನೂ ಕೂತೆ. ನಡುವೆ ಆರಲಿಲ್ಲ.

ಮರು ಓಟ ಮುಂದಿನ ವಾರ ಬೇರೆ ಮೈದಾನದಲ್ಲಿ ನಡೆಯಿತು. ನನಗೆ ಮೆಮೋ ಬಂದಿತ್ತು, ಮೈದಾನಕ್ಕೆ ಇಳಿಯಬಾರದೆಂದು ತಾಕೀತು. ಬೇಲಿಯ ಹೊರಗೆ ನಿಂತು ಎಣಿಸಿದೆ. ಆರು ಜೋಡಿ ಕಾಲು, ಒಂದೂ ಹೆಚ್ಚಿಲ್ಲ. ಸಫೀನಾ ಎಲ್ಲ ತಿರುವಿನಲ್ಲೂ ಒಳಗಿನಿಂದ ಓಡಿ ಎರಡನೆಯವಳಾದಳು. ಜಿಲ್ಲೆಗೆ ಅಷ್ಟು ಸಾಕು. ಆ ವಾರವೇ ನಾನು ಆಫೀಸಿಗೆ ಅರ್ಜಿ ಕೊಟ್ಟು ತಂದೆಯ ಉದ್ಯೋಗ ತಿದ್ದಿಸಿಕೊಂಡೆ. ಕ್ಲಾರ್ಕು ನಗಲಿಲ್ಲ.

ಈಗ ಸಫೀನಾಳೇ ಒಂದು ಶಾಲೆಯ ಡ್ರಿಲ್ ಟೀಚರು. ಕೆಲಸಕ್ಕೆ ಸೇರಿದ ದಿನ ಫೋನು ಮಾಡಿ, "ಮೊದಲು ಎಂತ ಮಾಡ್ಬೇಕು ಸರ್?" ಎಂದು ಕೇಳಿದಳು. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಮೈದಾನದ ಹೆಸರು ಕೇಳು. ಬರೆಯುವವರಲ್ಲಿ ಕೇಳಬೇಡ, ನೆಲ ಅಗೆಯುವವರಲ್ಲಿ ಕೇಳು. ಮಕ್ಕಳು ಸುತ್ತಿ ಹೋಗುವ ಜಾಗದಲ್ಲಿ ನೀನೇ ಬರಿಗಾಲಿಟ್ಟು ನೋಡು.

ಅಪ್ಪ ಈಗಿಲ್ಲ. ಆ ಮಾಡಿನ ಚೂರು ನಮ್ಮ ಅಂಗಳದಲ್ಲಿದೆ, ಗುರುತುಗಳು ಮೇಲೆ ಬರುವ ಹಾಗೆ ಮಗುಚಿ ಇಟ್ಟಿದ್ದೇನೆ. ಒಂಬತ್ತು ಮಳೆಗಾಲ ಅದರ ಮೇಲೆ ಸುರಿದಿದೆ. ಪಕ್ಕದಲ್ಲೇ ಅದೇ ವರ್ಷ ಕಟ್ಟಿದ ಕಟ್ಟೆಯ ಮುರಕಲ್ಲುಗಳೆಲ್ಲ ಇಜ್ಜಲಿನ ಹಾಗೆ ಕಪ್ಪಾಗಿವೆ. ಪ್ರತಿ ದಿನ ಬೆಳಿಗ್ಗೆ ಎದ್ದವನೇ ಹೋಗಿ ಅದನ್ನು ಹೆಬ್ಬೆರಳಿನಿಂದ ಉಜ್ಜಿ ನೋಡುತ್ತೇನೆ. ಇವತ್ತು ಬೆಳಿಗ್ಗೆಯೂ ಬೆರಳಿಗೆ ಕೆಂಪು ಹತ್ತಿತು.